ಹಾಲಿಗೊಬ್ಬ ರಾಜ, ರಾಜನಿಗೆ ಹಾಲು

ಕಳೆದ ಸೋಮವಾರ ಶಾಲೆ ಮುಗಿಸಿ ಮನೆಗೆ ಬಂದರೆ ನಮ್ಮತ್ತೆ ಈಜಿಪ್ಟಿನ ರಾಜನಿಗೆ ಹಾಲಿಟ್ಟು ಕೈಮುಗಿದು ನಿಂತಿದ್ದರು.

ಇದು ಗಾದೆಯಲ್ಲ, ಒಗಟೂ ಅಲ್ಲ. ತೋಡೂರಿನ ನಮ್ಮ ಮನೆಯ ಹಾಲಿನಲ್ಲಿ, ಟಿವಿ ಪಕ್ಕದ ಗೋಡೆಯ ಕೆಳಗೆ, ನಾನೇ ಕಣ್ಣಾರೆ ಕಂಡದ್ದು. ಒಂದು ಸಣ್ಣ ಸ್ಟೂಲು. ಅದರ ಮೇಲೆ ಸ್ಟೀಲಿನ ಲೋಟದಲ್ಲಿ ಹಾಲು, ನಾಲ್ಕು ಆಬೋಲಿ ಹೂವು, ಬಾಳೆಹಣ್ಣಿಗೆ ಚುಚ್ಚಿದ ಊದಿನಕಡ್ಡಿ. ಗೋಡೆಯ ಮೇಲೆ ಬಂಗಾರದ ಬಣ್ಣದ, ನೀಲಿ ಪಟ್ಟೆಯ, ಕಣ್ಣಿಗೆ ಕಾಡಿಗೆ ತೀಡಿಕೊಂಡ ರಾಜ.

ನಾನು ಅಂಕೋಲೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್ ಅನ್ನುವುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಆವತ್ತು ಬಸ್ಸಿನಲ್ಲಿ ಅಂಕೋಲೆಯಿಂದ ಅಮದಳ್ಳಿವರೆಗೆ ನಿಂತೇ ಬಂದಿದ್ದೆ. ಅಲ್ಲಿ ಸೀಟು ಸಿಕ್ಕಿತು, ಇನ್ನೇನು ಕೂತೆ ಅನ್ನುವಷ್ಟರಲ್ಲಿ ಇಳಿಯುವ ಹೊತ್ತು. ಬ್ಯಾಗಿನಲ್ಲಿ ಯೂನಿಟ್ ಟೆಸ್ಟಿನ ಪೇಪರುಗಳ ಕಟ್ಟು. ಪಾದ ಊದಿ ಚಪ್ಪಲಿಯಿಂದ ಹೊರಗೆ ಬಂದಿತ್ತು. ಈ ಹಾಲಿನ ವಿಷಯ ಈಗಲೇ ವಿಚಾರಿಸಬೇಕೋ, ಚಹಾ ಕುಡಿದ ಮೇಲೋ? ಚಹಾ ಕುಡಿದ ಮೇಲೆ ಎಂದು ತೀರ್ಮಾನಿಸಿದೆ. (ನನ್ನ ವಯಸ್ಸಿನ ಹೆಂಗಸರು ಭೂಕಂಪವಾದರೂ ಚಹಾ ಕುಡಿದ ಮೇಲೆಯೇ ವಿಚಾರಿಸುವುದು.)

ಅಷ್ಟರಲ್ಲಿ ರಾಜ ನಮ್ಮ ಮನೆಗೆ ಬಂದ ಕತೆ ಹೇಳಿಬಿಡುತ್ತೇನೆ.

ಈ ಬೇಸಿಗೆಯಲ್ಲಿ ನಮ್ಮನೆಯವರಿಗೆ ಹಾಲಿಗೆ 'ರಾಯಲ್ ಲುಕ್' ಕೊಡಿಸುವ ಹುಚ್ಚು ಹತ್ತಿತು. ಮೊಬೈಲಿನಲ್ಲಿ ರೀಲ್ಸ್ ನೋಡಿ ನೋಡಿ ಹತ್ತಿದ್ದು. ಐವತ್ತು ದಾಟಿದ ಗಂಡಸರಿಗೆ ಒಂದೊಂದು ಹುಚ್ಚು ಹತ್ತುತ್ತದೆ. ಕೆಲವರು ಸೈಕಲ್ ತುಳಿಯುತ್ತಾರೆ, ಕೆಲವರು ಕರೋಕೆ ಹಾಡುತ್ತಾರೆ. ಅದಕ್ಕೆ ಹೋಲಿಸಿದರೆ ಗೋಡೆಗೆ ಮೊಳೆ ಹೊಡೆಯುವ ಹುಚ್ಚು ವಾಸಿ ಎಂದು ನಾನೂ ಸುಮ್ಮನಿದ್ದೆ.

ಆದರೆ ನಮ್ಮದು ನಿರಾಶ್ರಿತರ ಕಾಲೊನಿಯ ಮನೆ. ದೂರದ ಓದುಗರಿಗಾಗಿ ಹೇಳುತ್ತೇನೆ: ನೌಕಾನೆಲೆಗೆಂದು ಊರು ಬಿಟ್ಟುಕೊಟ್ಟವರಿಗೆ ನಮ್ಮ ಕಡೆ ಇರುವ ಹೆಸರೇ ಅದು. ನಿರಾಶ್ರಿತರು. ಕಾಗದಪತ್ರದಲ್ಲೂ ಅದೇ, ಬಾಯಲ್ಲೂ ಅದೇ. ಆರ್‌ಸಿಸಿ ಮನೆ, ಗೇಟು, ಸ್ಕೂಟರು, ವಾಷಿಂಗ್ ಮಶೀನು ಎಲ್ಲ ಇದ್ದು, ಇಪ್ಪತ್ತೈದು ವರ್ಷದ ಮೇಲಾದರೂ ನಾವು ನಿರಾಶ್ರಿತರೇ. ಆಟೋದವನಿಗೆ "ನಿರಾಶ್ರಿತರ ಕಾಲೊನಿಗೆ ಬಿಡಪ್ಪಾ" ಎಂದು ನಾನೇ ಹೇಳುತ್ತೇನೆ, ನಾಲಿಗೆ ತಡವರಿಸುವುದಿಲ್ಲ. ಅಂಥ ವಿಳಾಸದ ಮನೆಗೆ ರಾಯಲ್ ಲುಕ್ಕು!

ಹಳೆಯ ಸುಣ್ಣದ ಗೋಡೆ ಕೆರೆಸಿದರು. ಟೆಕ್ಸ್ಚರ್ ಪೇಂಟ್ ಹೊಡೆಸಿದರು. ಬಣ್ಣದ ಹೆಸರು ಡೆಸರ್ಟ್ ಸ್ಯಾಂಡ್. ಸಮುದ್ರದ ಮರಳು ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದಿದೆ. ಗೋಡೆಗೆ ಮರುಭೂಮಿಯ ಮರಳು ಬೇಕಿತ್ತಾ? ಯಾರನ್ನು ಕೇಳುವುದು. ಆ ಸೋಮವಾರದ ಹಿಂದಿನ ಶನಿವಾರ ಆನ್‌ಲೈನಿನಲ್ಲಿ ತರಿಸಿದ ಮೂರು ಪಾರ್ಸೆಲ್ ಬಂದವು.

ಮೊದಲನೆಯದರಲ್ಲಿ ಉದ್ದ ಕತ್ತಿನ ರಾಣಿ. ಆಕೆಗೆ ಒಂದೇ ಕಣ್ಣು ಬರೆದಿದ್ದರು, ಇನ್ನೊಂದು ಖಾಲಿ. ಡಿಫೆಕ್ಟಿವ್ ಪೀಸ್ ಎಂದು ನಮ್ಮನೆಯವರು ಕಸ್ಟಮರ್ ಕೇರಿಗೆ ಫೋನು ಹಚ್ಚಿದರು. ಅಸಲು ಮೂರ್ತಿಗೂ ಒಂದು ಕಣ್ಣಿಲ್ಲ ಎಂದು ನಾನು ಅಡುಗೆಮನೆಯಿಂದಲೇ ಕೂಗಿ ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ಕೊನೆಗೆ ನನ್ನ ಮಾರ್ಕರ್ ಪೆನ್ನು ತಂದು ತಾವೇ ಕಣ್ಣು ಬರೆದರು. ಈಗ ರಾಣಿಗೆ ಸ್ವಲ್ಪ ಮೆಳ್ಳೆಗಣ್ಣು. ಫ್ರಿಜ್ಜಿನ ಮೇಲೆ ನಿಂತು ಗ್ಯಾಸ್ ಸ್ಟವ್ ಕಡೆ ನೋಡುತ್ತಿರುತ್ತಾಳೆ.

ಎರಡನೆಯದು ಗೋಡೆಗೆ ತೂಗುಹಾಕುವ ಚಿತ್ರ. ರಾಜ, ರಾಣಿ, ಪರಿವಾರ, ಎಲ್ಲರೂ ಒಂದೇ ಕಡೆ ಮುಖ ತಿರುಗಿಸಿ ಸಾಲಾಗಿ ನಿಂತಿದ್ದಾರೆ. "ಇವ್ರೆಲ್ಲ ಎಂತಕ್ಕೆ ಹೀಂಗ್ ನಿಂತಿದ್ರು? ಬಸ್ ಬತ್ತದೆ ಹೇಳಾ?" ಎಂದು ಅತ್ತೆ ಕೇಳಿದರು. ದಿನಾ ಬೆಳಿಗ್ಗೆ ಹೈವೇ ಪಕ್ಕ ಹಾಗೆಯೇ ಕತ್ತು ತಿರುಗಿಸಿ ನಿಲ್ಲುವ ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಮೂರನೆಯದೇ ಈ ಮುಖ. ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ರಾಜನೊಬ್ಬನ ಮುಖಕವಚದ ನಕಲು. ಎಂಟನೇ ಕ್ಲಾಸಿನ ಮಕ್ಕಳಿಗೆ ನಾನು ಪ್ರತಿವರ್ಷ ತೋರಿಸುವ ಫೋಟೋ ಅದೇ. ಒಳಗೆ ಟೊಳ್ಳು, ಹೊರಗೆ ಬಂಗಾರದ ಪೇಂಟು. ಹಣೆಯ ಮೇಲೆ ಹೆಡೆಯೆತ್ತಿದ ಸರ್ಪ.

ಭಾನುವಾರ ಡ್ರಿಲ್ ಮಶೀನು ತಂದು ಅದನ್ನು ಗೋಡೆಗೆ ಹಾಕುವಾಗ ಅತ್ತೆ ಕುರ್ಚಿ ಎಳೆದುಕೊಂಡು ಕೂತು ನೋಡುತ್ತಿದ್ದರು. ಬಸ್ಸಿನ ಜೋಕು ಮಾಡಿದವರು ಇದಕ್ಕೆ ಒಂದು ಮಾತೂ ಆಡಲಿಲ್ಲ. ನಡುವೆ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಡ್ರಿಲ್ಲಿನ ಧೂಳು ಎಂದುಕೊಂಡೆ.

ಸೋಮವಾರದ ಚಹಾ ಕುಡಿದಾಯಿತು. ಹಾಲು ಯಾಕೆ ಇಟ್ಟಿರಿ ಎಂದು ಕೇಳಿದೆ. ಅತ್ತೆ ನನ್ನ ಪಕ್ಕ ಬಂದು ಕೂತು, ಯಾರಿಗೋ ಕೇಳಿಸಬಾರದು ಎಂಬಂತೆ ಸಣ್ಣ ದನಿಯಲ್ಲಿ ಹೇಳಿದರು: "ನಿನ್ ಗಂಡ ಮರ್ತಿರ್ಲಿಲ್ಲ ನೋಡು ಮಗಾ. ಬಾಯಲ್ಲಿ ಹೇಳೂದಿಲ್ಲ ಅಷ್ಟೆ. ಪಂಚಮಿ ಬತ್ತದೆ ಹೇಳಿ ಸರಿಯಾಗಿ ತಂದ."

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಹೊಳೆದ ಮೇಲೆ, ಹೊಳೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಅವರು ಊರು ಬಿಟ್ಟ ಮೇಲೆ. ಹಳೆಯ ಮನೆಯನ್ನು ನಾನು ನೋಡಿಲ್ಲ, ಅತ್ತೆಯ ಮಾತಿನಲ್ಲಿ ಕೇಳಿದ್ದೇನೆ. ಹಿತ್ತಲ ಮೂಲೆಯಲ್ಲಿ ಹೊನ್ನೆ ಮರ, ಬುಡದಲ್ಲಿ ಮೊಣಕಾಲೆತ್ತರದ ನಾಗರಕಲ್ಲು. ಊರು ಬಿಡುವ ದಿನ ಲಾರಿ ಬಂತು. ಮಂಚ, ಹಂಡೆ, ಬೀಸುಕಲ್ಲು, ಹಂಚು, ಬಾಗಿಲ ಚೌಕಟ್ಟು ಎಲ್ಲ ಹೇರಿದರು. ನಾಗನನ್ನು ಮಾತ್ರ ಹಾಗೆ ಸಾಮಾನಿನ ಸಂಗಡ ಹೇರುವಂತಿಲ್ಲ. ಭಟ್ಟರನ್ನು ಕರೆಸಿ, ಕೇಳಿಕೊಂಡು, ಪೂಜೆ ಮಾಡಿ ಎಬ್ಬಿಸಬೇಕು. ಆಗ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ ಮಗ, ಅಂದರೆ ನಮ್ಮನೆಯವರು, ಲಾರಿಯ ಹಿಂದೆ ಹಗ್ಗ ಬಿಗಿಯುತ್ತಾ ಹೇಳಿದ್ದರಂತೆ, "ನೀ ಹತ್ತು ಆಯಿ. ನಾಳೆ ಭಟ್ಟರನ್ನ ಕರ್ಕಂಡು ಬಂದು ನಾ ತರ್ತೆ."

ನಾಳೆ ಇನ್ನೊಂದು ಲೋಡು ಇತ್ತು. ನಾಡಿದ್ದು ಮಾವನವರಿಗೆ ಜ್ವರ. ಆಮೇಲೆ ಹೊಸ ಮನೆಯ ಗೋಡೆ, ಹೊಸ ಬಾವಿ, ಹೊಸ ಕೆಲಸ. ಆಮೇಲೆ ನೌಕಾನೆಲೆಯ ಬೇಲಿ. ಯಾರೂ ತರಬೇಡಿ ಅಂದಿರಲಿಲ್ಲ. ನಾವೇ ಹೋಗಲಿಲ್ಲ. ನಾಳೆ ಅನ್ನುವುದು ಹೇಗೆ ಇಪ್ಪತ್ತೈದು ವರ್ಷವಾಗುತ್ತದೆ ಎಂದು ಯಾರಿಗೂ ವಿವರಿಸಬೇಕಾಗಿಲ್ಲ, ಎಲ್ಲರ ಮನೆಯಲ್ಲೂ ಅಂಥದೊಂದು ನಾಳೆ ಇರುತ್ತದೆ.

ಅತ್ತೆ ಇದನ್ನು ಎಂದೂ ಎತ್ತಿ ಆಡಿದವರಲ್ಲ. ಪ್ರತಿ ನಾಗರ ಪಂಚಮಿಗೆ ಅರಿಶಿನ ತೇಯ್ದು ಹಾಲಿನ ಗೋಡೆಯ ಮೇಲೆ ತಮ್ಮ ಬೆರಳಿನಿಂದಲೇ ಒಂದು ನಾಗನನ್ನು ಬರೆಯುತ್ತಿದ್ದರು, ಅದಕ್ಕೇ ಹಾಲು, ಅದಕ್ಕೇ ಅರಳು. ಹಬ್ಬ ಮುಗಿದರೂ ವರ್ಷವಿಡೀ ಆ ಹಳದಿ ಕಲೆ ಅಲ್ಲೇ. ಈ ಬೇಸಿಗೆಯಲ್ಲಿ ಕೆರೆಸಿದ್ದು ಅದೇ ಗೋಡೆ. ಮೊಳೆ ಹೊಡೆದದ್ದೂ ಅದೇ ಜಾಗಕ್ಕೆ. ಅಲ್ಲಿ ಈಗ ಹೆಡೆಯೆತ್ತಿದ ಸರ್ಪದ ಬಂಗಾರದ ಮುಖ ಬಂದು ಕೂತರೆ ಎಂಬತ್ತರ ಹತ್ತಿರದ ಹೆಂಗಸು ಏನೆಂದು ತಿಳಿಯಬೇಕು? ನಮ್ಮ ಕಡೆ ದೇವರಿಗೆ ಬೆಳ್ಳಿಯ ಮುಖ, ಹಿತ್ತಾಳೆಯ ಮುಖ ಹೊಸತಲ್ಲ. ಸರ್ಪದ ಪಕ್ಕದಲ್ಲಿ ಹದ್ದಿನ ತಲೆಯೂ ಇದೆಯಲ್ಲ ಎಂದು ನಾನು ಸುಮ್ಮನೆ ಕೆಣಕಿ ನೋಡಿದೆ. ಅದಕ್ಕೂ ಅವರಲ್ಲಿ ಉತ್ತರ ಸಿದ್ಧವಿತ್ತು. ಅದು ಗರುಡನಂತೆ. ಹುಟ್ಟಾ ವೈರಿಗಳೇ ಒಂದು ಹಣೆಯ ಮೇಲೆ ಜಗಳವಿಲ್ಲದೆ ಕೂತಿದ್ದಾರೆ, ಒಂದು ಮನೆಯೊಳಗೆ ನಿನಗೂ ನಿನ್ನ ನಾದಿನಿಗೂ ಆಗುವುದಿಲ್ಲವಲ್ಲ ಎಂದರು.

ನಮ್ಮನೆಯವರು ಬಂದರು. ಸ್ಕೂಟರಿನ ಸ್ಟ್ಯಾಂಡು ಹಾಕುವ ಮೊದಲೇ ಗೇಟಿನಲ್ಲಿ ನಿಲ್ಲಿಸಿ ವಿಷಯ ಹೇಳಿದೆ. ಅವರ ಮುಖ ಹೇಗಾಯಿತು ಎಂದು ಬರೆಯಲು ನನಗೆ ಮನಸ್ಸಿಲ್ಲ. ಹೆಲ್ಮೆಟ್ ತೆಗೆಯದೆ ಹಾಗೇ ನಿಂತರು. ನೀನು ಆಯಿಗೆ ಹೇಳಬೇಡ ಅಂದರು. ನಾನು ಯಾಕೆ ಹೇಳಲಿ, ನೀವೇ ಹೇಳಿ ಅಂದೆ. ಮಂಗಳವಾರ ಹೋಯಿತು, ಬುಧವಾರ ಹೋಯಿತು. ರಾಜ ದಿನಾ ಹಾಲು ಕುಡಿದ. (ಆರಿದ ಹಾಲಿನಲ್ಲಿ ಮರುದಿನ ನಾನು ಚಹಾ ಮಾಡಿದೆ.) ಹೇಳಿದರೆ ಅತ್ತೆಯ ಕೈಗೆ ಇಷ್ಟು ವರ್ಷದ ಮೇಲೆ ಬಂದದ್ದನ್ನು ಕಿತ್ತುಕೊಂಡಂತೆ. ಹೇಳದಿದ್ದರೆ, ಮಾಡದ ಕೆಲಸಕ್ಕೆ ಮಗ ದಿನಾ ಹೊಗಳಿಸಿಕೊಂಡಂತೆ. ಅತ್ತೆ ಆ ಮೂರು ದಿನ ಮಗನಿಗೆ ಬಡಿಸುವಾಗ ಮೀನಿನ ನಡು ತುಂಡು ಹುಡುಕಿ ಹಾಕುತ್ತಿದ್ದರು. ಮಗ ತಲೆ ಎತ್ತದೆ ತಿನ್ನುತ್ತಿದ್ದರು.

ನನ್ನದೂ ತಪ್ಪಿದೆ ಅನ್ನಿ. ಸತ್ತವನ ಮುಖ ಅದು ಎಂದು ಗೊತ್ತಿದ್ದೂ ನಾನು ಗೋಡೆಗೆ ಹಾಕಲು ಬಿಟ್ಟೆ. ಸಾಕಾಗಿತ್ತು, ವಾದ ಮಾಡಲು ಶಕ್ತಿ ಇರಲಿಲ್ಲ. ಮತ್ತೆ ಈಗ ಯಾರ ಮನೆಯಲ್ಲಿ ಏನು ಇಲ್ಲ ಹೇಳಿ? ರೆಸಾರ್ಟಿನ ಈಜುಕೊಳದ ಪಕ್ಕ ಬುದ್ಧನ ತಲೆ. ಡೆಂಟಿಸ್ಟ್ ಕ್ಲಿನಿಕ್ಕಿನಲ್ಲಿ ಆಫ್ರಿಕಾದ ಮುಖವಾಡ. ನಮ್ಮತ್ತೆ ಊರಿನಿಂದ ಹೇರಿಕೊಂಡು ಬಂದ ಬೀಸುಕಲ್ಲು ಈಗ ಸಮುದ್ರದಂಡೆಯ ಒಂದು ಹೋಮ್‌ಸ್ಟೇಯ ಲಾನಿನಲ್ಲಿದೆ. ಅದರ ಮೇಲೆ ಕೂತು ಹುಡುಗಿಯರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಒಬ್ಬರ ಮನೆಯ ದೇವರು, ಒಬ್ಬರ ಮನೆಯ ಹೆಣ, ಒಬ್ಬರ ಮನೆಯ ಅನ್ನದ ಕಲ್ಲು ಇನ್ನೊಬ್ಬರಿಗೆ ಶೋಪೀಸ್. ಅಂಗಡಿಯಲ್ಲಿ ಇದಕ್ಕೆ 'ಆಂಟಿಕ್ ಫಿನಿಶ್' ಅನ್ನುತ್ತಾರೆ.

ಗುರುವಾರ ನಾದಿನಿ ಬಂದಳು. ಹಿಲ್ಲೂರಿಗೆ ಕೊಟ್ಟ ಹುಡುಗಿ. ಪಂಚಮಿಗೆ ತಪ್ಪದೆ ತವರಿಗೆ ಬರುತ್ತಾಳೆ, ಬರುವಾಗ ಒಂದು ಹೊರೆ ಅರಿಶಿನದ ಎಲೆ ತರುತ್ತಾಳೆ. ಆ ಎಲೆಯಲ್ಲಿ ಮಡಚಿ ಬೇಯಿಸಿದ ಪಾತೋಳಿ ಇಲ್ಲದೆ ನಮಗೆ ಪಂಚಮಿ ಇಲ್ಲ. ಬಂದವಳು ಗೋಡೆ ನೋಡಿದಳು, ಚಂದ ಅದೆ ಅಣ್ಣಾ ಅಂದಳು. ಅಷ್ಟಕ್ಕೇ ನಿಂತಿದ್ದರೆ ಈ ಅಂಕಣಕ್ಕೆ ನಾನು ಬೇರೆ ವಿಷಯ ಹುಡುಕಬೇಕಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಅದರ ಫೋಟೋ ತೆಗೆದು ಫೋನಿನಲ್ಲಿ ಹುಡುಕಿದಳು. ತನ್ನ ಮನೆಗೂ ಒಂದು ತರಿಸೋಣ ಎಂದು. ನಾನು ಒಲೆಯ ಮುಂದಿದ್ದೆ. ಪಂಚಮಿಯ ದಿನ ಹೆಚ್ಚುವುದಿಲ್ಲ, ಕರಿಯುವುದಿಲ್ಲ, ಈಳಿಗೆ ಮುಟ್ಟುವುದಿಲ್ಲ. ಆವಿಯಲ್ಲಿ ಬೆಂದದ್ದೇ ಎಲ್ಲ. ಹಾಲಿನಿಂದ ಅವಳ ದನಿ ಕೇಳಿತು, ಓಡಿದೆ. ಅತ್ತೆ ಮಡಿ ಸೀರೆ ಉಟ್ಟು ಹಾಲು, ಅರಳು, ಪಾತೋಳಿಯ ಹರಿವಾಣ ಹಿಡಿದು ಗೋಡೆಯ ಮುಂದೆ ನಿಂತಿದ್ದಾರೆ. ನಾದಿನಿ ನಡುವೆ ಅಡ್ಡ ನಿಂತಿದ್ದಾಳೆ.

"ಆಯಿ, ಇದು ಹೆಣದ ಮುಖಕ್ಕೆ ಹಾಕೂದು. ಹಬ್ಬದ ದಿನ ಹೆಣಕ್ಕೆ ಹಾಲೆರಿತೆ ನೀನು?"

ಅತ್ತೆ ಮಗನ ಕಡೆ ನೋಡಿದರು. ಮಗ ನೆಲ ನೋಡಿದರು. ನಾದಿನಿ ನನ್ನ ಕಡೆ ತಿರುಗಿ, "ಅತ್ತಿಗೆ, ಮಕ್ಕಳಿಗೆ ಪಾಠ ಮಾಡೂದು ನೀವು. ನೀವೇ ಹೇಳಿ" ಅಂದಳು. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಆವತ್ತಿನಷ್ಟು ಕಷ್ಟದ ಕ್ಲಾಸು ತೆಗೆದುಕೊಂಡಿಲ್ಲ.

ಹೇಳಿದೆ. ಹೇಳದೆ ಏನು ಮಾಡಲಿ? ಇದು ನಾಗನಲ್ಲ ಅತ್ತೆ, ಒಬ್ಬ ರಾಜ. ಚಿಕ್ಕ ಪ್ರಾಯಕ್ಕೇ ಸತ್ತ. ಮೂರು ಸಾವಿರ ವರ್ಷಕ್ಕೂ ಹಿಂದೆ. ಅವನ ಮುಖದ ಮೇಲೆ ಬಂಗಾರದಲ್ಲಿ ಇಂಥದೊಂದು ಮುಖ ಮಾಡಿ ಹೊದಿಸಿ, ಬೇಕಾದ ಸಾಮಾನನ್ನೆಲ್ಲ ಜೊತೆಗಿಟ್ಟು, ಯಾರೂ ಎಬ್ಬಿಸಬಾರದು ಎಂದು ಮುಚ್ಚಿದ್ದರು. ಆಮೇಲಿನ ಕಾಲದವರು ಅಗೆದು ತೆಗೆದರು. ಮುಖ ಈಗ ಮ್ಯೂಸಿಯಮ್ಮಿನಲ್ಲಿದೆ. ಇದು ಅದರ ನಕಲು, ಒಳಗೆ ಬರೀ ಟೊಳ್ಳು.

ಅತ್ತೆ ಹರಿವಾಣವನ್ನು ಸ್ಟೂಲಿನ ಮೇಲಿಟ್ಟರು. ಕೂಗಾಡುತ್ತಾರೆ ಎಂದುಕೊಂಡೆ. ಅಳುತ್ತಾರೆ ಎಂದುಕೊಂಡೆ. ಅವರು ಸೊಂಟಕ್ಕೆ ಕೈಯಿಟ್ಟು ಕೇಳಿದ್ದು ಇಷ್ಟು: "ಸಾಮಾನೆಲ್ಲ ಎಂತ ಮಾಡಿದ್ರು?"

ಅದನ್ನೂ ಸಾಗಿಸಿದರು ಅಂದೆ. ಮಂಚ, ಕುರ್ಚಿ, ಗಾಡಿ, ಚಪ್ಪಲಿ ಸಮೇತ.

"ಲಾರಿ ಮೇಲಾ?"

ದೋಣಿಯ ಮೇಲೆ ಎಂದು ಓದಿದ ನೆನಪು ಅತ್ತೆ.

"ಮತ್ತೆ ಅವ?"

ಅವನ ಮೈ ಅಲ್ಲೇ ಗುಹೆಯಲ್ಲಿದೆಯಂತೆ. ಮುಖ ಮಾತ್ರ ಬೇರೆ ಊರಿನಲ್ಲಿ.

ಅತ್ತೆ ಗೋಡೆಯ ಕಡೆ ತಿರುಗಿದರು. ಕಾಡಿಗೆ ಕಣ್ಣಿನ ಆ ಹುಡುಗ ಎಲ್ಲೋ ನೋಡುತ್ತಿದ್ದ.

"ಹಂಗಾರೆ ಇವನೂ ನಿರಾಶ್ರಿತನೇ" ಅಂದರು.

ನಾದಿನಿಯ ಸಿಟ್ಟು ಅಲ್ಲಿಗೆ ಇಳಿಯಿತು. ಎಂಟನೇ ಕ್ಲಾಸಿನ ಯಾವ ಮಗುವೂ ಆ ಪಾಠಕ್ಕೆ ಇಂಥ ಉತ್ತರ ಬರೆದಿಲ್ಲ, ಬರೆದಿದ್ದರೆ ನಾನೇ ಕೆಂಪು ಗೀಟು ಎಳೆಯುತ್ತಿದ್ದೆನೋ ಏನೋ.

ಅತ್ತೆ ಹಾಲಿನ ಲೋಟ ವಾಪಸು ತೆಗೆದುಕೊಂಡರು. ಹಾಲು ನಾಗನಿಗೆ, ಇವನಿಗಲ್ಲ. ಆದರೆ ಹರಿವಾಣದಿಂದ ಒಂದು ಪಾತೋಳಿ ಎತ್ತಿ, ಎಲೆ ಬಿಡಿಸಿ, ಸ್ಟೂಲಿನ ಮೇಲೆ ಇಟ್ಟರು. ಹಬ್ಬದ ದಿನ ಮನೆಗೆ ಬಂದವನನ್ನು ಹಾಗೇ ಕೂರಿಸುತ್ತಾರಾ ಅಂದರು. ಆಮೇಲೆ ಮಗನ ಹತ್ತಿರ ಹೋದರು. ಬೈಯಲಿಲ್ಲ. ಭುಜದ ಮೇಲಿದ್ದ ಯಾವುದೋ ದಾರದ ಎಳೆ ತೆಗೆಯುತ್ತಾ ಹೇಳಿದರು.

"ಇವನನ್ನ ಅಷ್ಟು ದೂರದಿಂದ ತರೂಕೆ ಬಂತು ನಿಂಗೆ. ಹೊನ್ನೆ ಮರ ಇಲ್ಲೇ ಅದೆ ಮಗಾ."

ಅಷ್ಟು ಹೇಳಿ ಅರಿಶಿನ ತೇಯಲು ಒಳಗೆ ಹೋದರು. ಈ ವರ್ಷದ ನಾಗ, ಬೇರೆ ದಾರಿಯಿಲ್ಲದೆ, ಡೆಸರ್ಟ್ ಸ್ಯಾಂಡಿನ ಮೇಲೆಯೇ ಮೂಡಿದ. ತರಿತರಿ ಗೋಡೆಯಲ್ಲಿ ಬೆರಳು ಸರಿಯಾಗಿ ಓಡದೆ ಹೆಡೆ ಸೊಟ್ಟಗಾಯಿತು. ಯಾರೂ ಬೇಡ ಅನ್ನಲಿಲ್ಲ. ನಮ್ಮನೆಯವರೇ ಅರಿಶಿನದ ಬಟ್ಟಲು ಹಿಡಿದು ಪಕ್ಕ ನಿಂತಿದ್ದರು.

ನಿನ್ನೆ ಶನಿವಾರ. ಮಧ್ಯಾಹ್ನ ಊಟವಾದ ಮೇಲೆ ನಾನು ಪೇಪರು ತಿದ್ದುತ್ತಿದ್ದೆ. ನಮ್ಮನೆಯವರು ಎದುರಿಗೆ ಬಂದು ಕೂತರು, ಒಂದು ಬಿಳಿ ಹಾಳೆ ಕೇಳಿದರು. ಕೊಟ್ಟೆ. ಅರ್ಜಿ ಬರೆಯುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು. 'ವಿಷಯ: ನಮ್ಮ ಹಳೆಯ ಹಿತ್ತಲಿನಲ್ಲಿರುವ ಒಂದು ಕಲ್ಲನ್ನು ತರಲು ಅನುಮತಿ ಕೋರಿ.' ಅಲ್ಲಿಯವರೆಗೆ ಸಲೀಸಾಗಿ ಬಂತು. ಊರು, ಹೆಸರು, ಮರದ ಗುರುತು ಎಲ್ಲ ಬರೆದರು. ಆ ಮರ ಈಗ ಇದೆಯೋ ಇಲ್ಲವೋ, ಕಲ್ಲು ಇದೆಯೋ ಇಲ್ಲವೋ, ಈ ಅರ್ಜಿ ಯಾವ ಟೇಬಲಿಗೆ ಹೋಗಬೇಕೋ ನಮಗೆ ಒಂದೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಇಬ್ಬರಿಗೂ ಗೊತ್ತು. ಆದರೂ ಅವರು ಬರೆಯುತ್ತಿದ್ದರು, ನಾನು ಕೆಂಪು ಪೆನ್ನು ಹಿಡಿದು ಅವರನ್ನೇ ನೋಡುತ್ತಿದ್ದೆ. ಎಷ್ಟೋ ವರ್ಷದಿಂದ ಈ ಮನುಷ್ಯನನ್ನು ನಾನು ಸರಿಯಾಗಿ ನೋಡಿರಲಿಲ್ಲ. ಕೂದಲು ಇಷ್ಟು ಬೆಳ್ಳಗಾಗಿದ್ದೂ ನನಗೆ ಗೊತ್ತಾಗಿರಲಿಲ್ಲ.

ಒಂದು ಕಡೆ ಪೆನ್ನು ನಿಂತಿತು. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅಂತ ಆಫೀಸಿನವರು ಕೇಳಿದರೆ ಏನು ಬರೆಯಲಿ ಎಂದು ನನ್ನನ್ನು ಕೇಳಿದರು. ಕಾಗದ ಬರೆಯುವುದರಲ್ಲಿ ಮನೆಗೆ ನಾನೇ ಪಂಡಿತೆ. ರಜಾ ಅರ್ಜಿ, ತಕರಾರು ಅರ್ಜಿ, ಟಿಸಿ ಅರ್ಜಿ, ಎಲ್ಲಕ್ಕೂ ನನ್ನ ಹತ್ತಿರ ಕಾರಣ ತಯಾರಿರುತ್ತದೆ. ಇದಕ್ಕೆ ಮಾತ್ರ ಒಂದೂ ತೋಚಲಿಲ್ಲ. ಹಾಳೆ ಇನ್ನೂ ಊಟದ ಮೇಜಿನ ಮೇಲೆಯೇ ಇದೆ, ಹಾರಬಾರದು ಎಂದು ಅದರ ಮೇಲೆ ಮೆಳ್ಳೆಗಣ್ಣಿನ ರಾಣಿಯನ್ನು ಇಟ್ಟಿದ್ದೇವೆ.

ನೀವಾದರೂ ಹೇಳಿ: 'ನಾಳೆ ಬರುತ್ತೇವೆ ಎಂದಿದ್ದೆವು, ಇವತ್ತು ಬಂದಿದ್ದೇವೆ' ಎಂದು ಬರೆದರೆ ಅರ್ಜಿಗೆ ಸೀಲು ಹಾಕುತ್ತಾರಾ?